‘ಎಷ್ಟು’ ಎಂದು ಕೇಳದ ಶರಣಬಸಮ್ಮ

ಸಜ್ಜೆ ಕೊಯ್ದ ಹೊಲ. ಮೂಡಣ ಇನ್ನೂ ಸರಿಯಾಗಿ ಬೆಳ್ಳಗಾಗಿಲ್ಲ. ಬೇವೂರಿನ ಕಡೆಯಿಂದ ಬಂದ ಸ್ಕೂಟಿಯೊಂದು ಬದುವಿನ ಆಚೆಗೇ ನಿಲ್ಲುತ್ತದೆ. ಇನ್ನೂ ಹತ್ತಿರ ತಂದರೆ ಸದ್ದಿಗೆ ಬೆದರಿದ ಕುರಿಗಳು ಸುತ್ತ ಕಟ್ಟಿದ ಬಲೆ ಕಿತ್ತುಕೊಂಡು ದಿಕ್ಕಾಪಾಲಾಗುತ್ತವೆ ಎಂಬುದು ಗಾಡಿಯ ಒಡತಿಗೆ ಗೊತ್ತು. ಸೆರಗನ್ನು ತಲೆಗೆ ಬಿಗಿದು, ಹೆಗಲಿಗೆ ಚೀಲ ಏರಿಸಿಕೊಂಡು ಆಕೆ ಕೂಳೆ ತುಳಿಯುತ್ತ ನಡೆದು ಬರುತ್ತಾರೆ. ಕುರಿಹಟ್ಟಿಯ ನಾಯಿಗಳು ಒಂದೆರಡು ಸಲ ಬೊಗಳಿ, ಗುರುತು ಹತ್ತಿದ ಮೇಲೆ ನಾಚಿಕೊಂಡವರ ಹಾಗೆ ಬಾಲ ಆಡಿಸುತ್ತವೆ. ಇವರೇ ಶರಣಬಸಮ್ಮ. ಬ್ಯಾಂಕಿನ ಕಾಗದಪತ್ರದಲ್ಲಿ ಇವರು ‘ಬ್ಯಾಂಕ್ ಮಿತ್ರ’, ಕುರಿಗಾರರ ಬಾಯಲ್ಲಿ ‘ಬ್ಯಾಂಕಿನಕ್ಕ’.

ಚೀಲದಿಂದ ಮೊದಲು ಹೊರಬರುವುದು ಒಂದು ಡಬ್ಬಿ ಸೀಗೆಪುಡಿ ಮತ್ತು ಒಂದು ಒದ್ದೆ ಬಟ್ಟೆ. ದಿನವಿಡೀ ಕುರಿಯ ಮೈ ಸವರಿ ಉಣ್ಣೆಯ ಜಿಡ್ಡು ಹತ್ತಿದ ಹೆಬ್ಬೆಟ್ಟನ್ನು ಬ್ಯಾಂಕಿನ ಕೈಮಷಿನ್ ಸುತರಾಂ ಗುರುತಿಸುವುದಿಲ್ಲ. ಕಂಬಳಿ ಹೊದ್ದು ಕೂತಿರುವ ಮಾರೆಮ್ಮನ ಕೈಯನ್ನು ಶರಣಬಸಮ್ಮ ತಮ್ಮ ಮಡಿಲಲ್ಲಿ ಇಟ್ಟುಕೊಂಡು ತಿಕ್ಕತೊಡಗುತ್ತಾರೆ. ಎಪ್ಪತ್ತರ ಹತ್ತಿರ ಬಂದಿರುವ ಮಾರೆಮ್ಮ ಈ ಹಟ್ಟಿಯ ಯಜಮಾನಿ. ಗಂಡ ತೀರಿಕೊಂಡ ಮೇಲೆ ಮಗ, ಸೊಸೆ, ಕುರಿ, ನಾಯಿ ಎಲ್ಲವನ್ನೂ ಒಂದೇ ದನಿಯಲ್ಲಿ ಗದರಿಸಿಕೊಂಡು ಬಂದ ಹೆಂಗಸು.

“ಮೆಲ್ಲಕ ತಿಕ್ಕವಾ. ಚರ್ಮ ಕಿತ್ತು ಬ್ಯಾಂಕಿಗೆ ಕಟ್ಟೀಯೇನು?”

“ನಿನ್ನ ಚರ್ಮ ನಮ್ಮ ಬ್ಯಾಂಕು ಒತ್ತಿ ಇಟ್ಕೊಳ್ಳೂದಿಲ್ಲ ಬಿಡಬೇ,” ಎನ್ನುತ್ತಾರೆ ಶರಣಬಸಮ್ಮ.

ಮಷಿನ್ ಕೊನೆಗೂ ಹೆಬ್ಬೆಟ್ಟನ್ನು ಒಪ್ಪಿಕೊಳ್ಳುತ್ತದೆ. ವಿಧವಾ ವೇತನದ ಹಣ ಮಾರೆಮ್ಮನ ಸೊಂಟದ ಚೀಲ ಸೇರುತ್ತದೆ. “ಕುರಿ ಹೆಂಗದಾವ ಯವ್ವಾ?” ಎಂದು ಶರಣಬಸಮ್ಮ ಕೇಳುತ್ತಾರೆ. “ಛಲೋ ಅದಾವ,” ಎಂದು ಮಾರೆಮ್ಮ ಹೇಳುತ್ತಾಳೆ. ಎಷ್ಟಿವೆ ಎಂದು ಇವರು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಯಾಕೆಂದರೆ ಆ ಒಂದು ಪ್ರಶ್ನೆಯ ದೆಸೆಯಿಂದ ಹೋದ ವರ್ಷ ಬೇವೂರಿನ ಬ್ಯಾಂಕಿಗೆ ಬೀಗ ಬೀಳುವ ಹೊತ್ತು ಬಂದಿತ್ತು, ಮತ್ತು ಆ ತಪ್ಪು ಆಗಿದ್ದು ಶರಣಬಸಮ್ಮನವರದೇ ಬೆರಳಿನಿಂದ.

ಬ್ಯಾಂಕಿನ ಹೆಸರು ಹಾಕಬೇಡಿ ಎಂದು ಅಲ್ಲಿನ ಮ್ಯಾನೇಜರು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಸುತ್ತಲ ಹತ್ತೂರಿನವರು ‘ನಮ್ಮ ಬ್ಯಾಂಕು’ ಎನ್ನುತ್ತಾರೆ, ಅಷ್ಟು ಸಾಕು. ಎರಡು ಕೋಣೆ, ಒಂದು ತಿಜೋರಿ, ಮಳೆ ಬಂದಾಗ ಸೋರುವ ಒಂದು ಮೂಲೆ. ಅದರ ಕೆಲಸವನ್ನು ಹೊಲ, ಗುಡ್ಡ, ಹಟ್ಟಿಗಳಿಗೆ ಹೊತ್ತು ತರುವುದೇ ಶರಣಬಸಮ್ಮನವರ ದುಡಿಮೆ. ಸಂಬಳವಿಲ್ಲ, ಕಮಿಷನ್ ಮಾತ್ರ. ಹಣ ಕೊಟ್ಟರೆ ಇಷ್ಟು, ಕಟ್ಟಿಸಿಕೊಂಡರೆ ಇಷ್ಟು, ಸಾಲದ ಅರ್ಜಿ ತುಂಬಿಸಿದರೆ ಇಷ್ಟು. ತಿಂಗಳಿಗೆ ಏಳೆಂಟು ಸಾವಿರ ಕೈಗೆ ಬಂದರೆ ಅದರಲ್ಲಿ ಕಾಲುಭಾಗ ಪೆಟ್ರೋಲಿಗೆ. ಕುರಿಗಾರರು ಸಿಗುವುದು ಬೆಳಗಿನ ಜಾವವೇ. ಬಿಸಿಲೇರಿದರೆ ಕುರಿ ಒಂದು ಗುಡ್ಡದಲ್ಲಿ, ಕುರುಬ ಇನ್ನೊಂದು ಗಿಡದ ನೆರಳಲ್ಲಿ. ಇವತ್ತು ಬೇವೂರಿನ ಹೊಲದಲ್ಲಿ ರಾತ್ರಿ ತಂಗಲು ತರುಬಿದ ಹಿಂಡು ನಾಳಿದ್ದು ಇರಕಲ್ಲಗಡದ ಗುಡ್ಡದ ಕೆಳಗೆ ಇರುತ್ತದೆ.

ಇರಕಲ್ಲಗಡ ಶರಣಬಸಮ್ಮನವರ ತವರೂರು. ಅಪ್ಪ ಕುರಿ ಕಾಯುತ್ತಿದ್ದರು. ಹತ್ತನೆಯ ಇಯತ್ತೆ ಮುಗಿಸಿದ ಮಗಳನ್ನು ಬೇವೂರಿನ ಹನಮಪ್ಪನಿಗೆ ಕೊಟ್ಟರು. ಆ ಮನೆಯಲ್ಲೂ ಆಗ ಕುರಿಯಿತ್ತು. ಈಗ ಹನಮಪ್ಪ ಬೇರೆಯವರ ಟ್ರ್ಯಾಕ್ಟರ್ ಓಡಿಸುತ್ತಾರೆ. ಹೆಂಡತಿ ನಸುಕಿನಲ್ಲಿ ಒಬ್ಬಳೇ ಗಾಡಿ ಹೊಡೆದುಕೊಂಡು ಹೋಗುವುದನ್ನು ಕಂಡು ಮೊದಮೊದಲು ಊರವರು ಅವರನ್ನು ಕಿಚಾಯಿಸಿದ್ದುಂಟು. “ನಾನು ಟ್ರ್ಯಾಕ್ಟರ್ ಹೊಡೀತೀನಿ, ಆಕಿ ಬ್ಯಾಂಕ್ ಹೊಡೀತಾಳ. ನಿಮಗೇನ್ ತ್ರಾಸು?” ಎಂದು ಹನಮಪ್ಪ ಒಂದೇ ಮಾತಿನಲ್ಲಿ ಎಲ್ಲರ ಬಾಯಿ ಮುಚ್ಚಿಸಿದರಂತೆ.

ಬ್ಯಾಂಕು ಹೇಗೆ ಬದುಕುತ್ತದೆ ಎಂಬುದನ್ನು ಇಲ್ಲಿ ಇಬ್ಬರು ಎರಡು ಥರ ವಿವರಿಸುತ್ತಾರೆ. ಮ್ಯಾನೇಜರ್ ಶಿವಲೀಲಾ ಗಂಗಾವತಿಯವರು. ಮನೆತನದಲ್ಲಿ ಅಕ್ಕಿ ವ್ಯಾಪಾರ. “ತಗೊಂಡ ದರಕ್ಕೂ ಮಾರಿದ ದರಕ್ಕೂ ನಡುವ ಏನು ಉಳೀತೈತೋ ಅದ ಲಾಭ. ನಮ್ಮ ಅಪ್ಪನ ಅಂಗಡಿಗೂ ಅಷ್ಟ, ಬ್ಯಾಂಕಿಗೂ ಅಷ್ಟರೀ,” ಎನ್ನುತ್ತಾರೆ. ಈಗ ಆ ನಡುವಿನ ಜಾಗವೇ ಕಿರಿದಾಗುತ್ತಿದೆಯಂತೆ. ದೇಶದಲ್ಲಿ ಬಡ್ಡಿ ದರ ಇಳಿದರೆ ಸಾಲಗಾರ ಮರುದಿನವೇ ಬಂದು ತನ್ನ ಬಡ್ಡಿ ಇಳಿಸಿ ಎಂದು ಕೂರುತ್ತಾನೆ. ಠೇವಣಿ ಇಟ್ಟವನ ಬಡ್ಡಿಯನ್ನು ಅವಧಿ ಮುಗಿಯುವ ತನಕ ಮುಟ್ಟುವಂತಿಲ್ಲ. ಇಡುವವರೂ ಈಗ ಕಡಿಮೆ. ಕೈಯಲ್ಲಿ ನಾಲ್ಕು ಕಾಸು ಆಡಿದ ಹುಡುಗರು ಫೋನಿನಲ್ಲೇ ಶೇರು, ಬಂಗಾರ ಎಂದು ಹಾಕುತ್ತಾರೆ. ಖಾತ್ರಿಯಾಗಿ ತೀರಿಸುವ ನೌಕರದಾರರಿಗೆ ಫೋನಿನಲ್ಲೇ ಚಿಟಿಕೆ ಹೊಡೆಯುವುದರೊಳಗೆ ಸಾಲ ಸಿಗುತ್ತದೆ, ಅವರು ಬ್ಯಾಂಕಿನ ಮೆಟ್ಟಿಲು ಹತ್ತುವುದಿಲ್ಲ. ಕಟ್ಟಡದ ಬಾಡಿಗೆ, ಕರೆಂಟು, ಸಂಬಳ ಮಾತ್ರ ಎಲ್ಲಿದ್ದವೋ ಅಲ್ಲೇ ಇವೆ.

ಶರಣಬಸಮ್ಮ ಇದನ್ನೇ ಹಟ್ಟಿಯಲ್ಲಿ ಕೂತು ಹೇಳುವ ರೀತಿ ಬೇರೆ. “ಪಾಲಿಗೆ ಕುರಿ ಹಾಕಿದಂಗ್ರಿ. ಠೇವಣಿ ಅಂದ್ರ ಬ್ಯಾರೆದವರ ಕುರಿ ನಾವು ಮೇಸೂದು. ಹುಟ್ಟಿದ ಮರ್ಯಾಗ ಅವರಿಗೊಂದು ಪಾಲು, ನಮಗೊಂದು ಪಾಲು. ಮರಿ ಛಲೋ ಹುಟ್ಟಿದ್ರ ಇಬ್ಬರಿಗೂ ಸುಖ. ತೋಳ ಬಂದೀತು ಅನ್ನೂ ಅಂಜಿಕಿಗೆ ನಮ್ಮ ಪಾಲಿನಾಗಿನ ಮರಿ ಮೊದಲ ತಗದು ಒಂದ್ಕಡಿ ಕಟ್ಟಿ ಹಾಕಬೇಕ್ರಿ. ಆ ಮರಿ ಉಣ್ಣಾಕಿಲ್ಲ, ಮಾರಾಕಿಲ್ಲ. ಅಂಜಿಕಿ ಹೆಚ್ಚಾದಂಗ ಕಟ್ಟಿ ಹಾಕೂ ಮರಿನೂ ಹೆಚ್ಚು.” ಸಾಲ ಮುಳುಗೀತು ಎಂಬ ಅನುಮಾನಕ್ಕೆ ಬ್ಯಾಂಕು ಲಾಭದಿಂದ ಹಣ ತೆಗೆದಿಡುವ ಪದ್ಧತಿಯನ್ನು ಇಷ್ಟು ತಿಳಿಯಾಗಿ ಹೇಳಿದವರನ್ನು ಶಿವಲೀಲಾ ಬೇರೆಲ್ಲೂ ಕಂಡಿಲ್ಲವಂತೆ. ಈ ಮಾತನ್ನು ತಾವು ಸಭೆಯೊಂದರಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೂ ಉಂಟು ಎಂದು ನಗುತ್ತಾರೆ.

ಇಂಥ ಬ್ಯಾಂಕಿಗೆ ಕುರಿಸಾಲವೇ ಅನ್ನ. ಇಪ್ಪತ್ತು ಕುರಿ, ಒಂದು ಟಗರು ಎಂದು ಲೆಕ್ಕ ಹಿಡಿದು ಕೊಡುವ ಸಾಲ. ಕುರುಬರು ಕಂತು ತಪ್ಪಿಸುವ ಪೈಕಿ ಅಲ್ಲ. ಸಂತೆಯಲ್ಲಿ ಮರಿ ಮಾರಿದ ದುಡ್ಡು ಮೊದಲು ಬ್ಯಾಂಕಿಗೆ, ಆಮೇಲೆ ಮನೆಗೆ. ಹಳೆಯ ಕಾಲದಲ್ಲಿ ಬ್ಯಾಂಕಿನವರೂ ದನದ ಡಾಕ್ಟರೂ ಬಂದು ಸಾಲ ಕೊಟ್ಟ ಕುರಿಗಳ ಕಿವಿಗೆ ಬಿಲ್ಲೆ ಚುಚ್ಚಿ ಹೋಗುತ್ತಿದ್ದರು. ನಿನ್ನ ಹತ್ತಿರ ಒಟ್ಟು ಎಷ್ಟಿವೆ ಎಂದು ಯಾರೂ ಯಾರನ್ನೂ ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಹೋದ ವರ್ಷ ಫೋನು ಬಂತು. ಪೈಪೋಟಿಗೆ ಬಿದ್ದ ಬ್ಯಾಂಕು ತಾನೂ ಫೋನಿನಲ್ಲೇ ಸಾಲ ಕೊಡುವ, ಹಳೆಯ ಸಾಲವನ್ನು ಫೋನಿನಲ್ಲೇ ಹೊಸದು ಮಾಡುವ ಏರ್ಪಾಟು ತಂದಿತು. ಇದು ಬೇಕಾಗಿಯೂ ಇತ್ತು. ಊರೂರಿನ ಹುಡುಗರು ಗೊತ್ತುಗುರಿಯಿಲ್ಲದ ಫೋನುಸಾಲದ ಬಲೆಗೆ ಬೀಳುತ್ತಿದ್ದರು. ಹಾಗೆ ಐದು ಸಾವಿರ ಪಡೆದು ಎರಡು ವಾರ ತಡ ಮಾಡಿದ ಹುಡುಗನೊಬ್ಬನ ಫೋನಿನಲ್ಲಿದ್ದ ಎಲ್ಲ ನಂಬರುಗಳಿಗೂ ವಸೂಲಿಯವರು ಕರೆ ಹಚ್ಚಿ, ಹೆಣ್ಣು ಕೊಡಬೇಕಾಗಿದ್ದ ಬೀಗರಿಗೂ ಹಚ್ಚಿ, ಗಟ್ಟಿಯಾಗಿದ್ದ ಮದುವೆ ಮಾತು ಮುರಿಸಿದ್ದರು. ಅದಕ್ಕಿಂತ ನಮ್ಮ ಬ್ಯಾಂಕಿನ ಫೋನೇ ವಾಸಿ ಎಂದು ಶರಣಬಸಮ್ಮ ಹಟ್ಟಿ ಹಟ್ಟಿ ತಿರುಗಿದರು. ಫೋನಿನೊಳಗಿನ ಹೆಂಗಸು ನಯವಾದ ಪಟ್ಟಣದ ಕನ್ನಡದಲ್ಲಿ ಒಂದೊಂದೇ ಪ್ರಶ್ನೆ ಕೇಳುತ್ತಿದ್ದಳು. ಹೆಸರು, ಊರು, ಆಧಾರ್ ಎಲ್ಲ ಮುಗಿದ ಮೇಲೆ, “ನಿಮ್ಮ ಬಳಿ ಒಟ್ಟು ಎಷ್ಟು ಕುರಿಗಳಿವೆ?”

ಹಟ್ಟಿಯಲ್ಲಿ ಇದು ಕೇಳುವ ಮಾತೇ ಅಲ್ಲ. ಕುರಿಯ ಎಣಿಕೆಯನ್ನು ಬಾಯಿಬಿಟ್ಟು ಹೇಳಿದರೆ ಹಿಂಡಿನ ಏಳಿಗೆ ಅಲ್ಲಿಗೆ ನಿಂತಿತು ಎಂಬುದು ಹಿರಿಯರಿಂದ ಬಂದ ನಂಬಿಕೆ. ತೀರಾ ಒತ್ತಾಯ ಮಾಡಿ ಕೇಳಿದರೆ ನೂರು ಇದ್ದವನು ಹತ್ತು ಎನ್ನುತ್ತಾನೆ, ಐವತ್ತು ಇದ್ದವನು ಐದಾರು ಇರಬೇಕು ಎಂದು ಬೇರೆ ಕಡೆ ನೋಡುತ್ತಾನೆ. ಕೇಳಿದವನು ಅರ್ಥ ಮಾಡಿಕೊಂಡು ಸುಮ್ಮನಾಗಬೇಕು, ಅದು ಮರ್ಯಾದೆ. ಫೋನಿನ ಹೆಂಗಸಿಗೆ ಈ ಮರ್ಯಾದೆ ಗೊತ್ತಿರಲಿಲ್ಲ. ಕುರಿಗಾರರು ಹತ್ತು ಎಂದರು, ಎಂಟು ಎಂದರು, ಮಾರೆಮ್ಮ ಆರು ಎಂದಳು. ಅವರು ಹೇಳಿದ್ದನ್ನೇ ಶರಣಬಸಮ್ಮ ಫೋನಿನಲ್ಲಿ ಒತ್ತಿದರು.

“ನನ್ನ ಕಣ್ಣ ಮುಂದ ಹಟ್ಟಿ ತುಂಬಿ ತುಳುಕತೈತ್ರಿ. ಆರು ಅಲ್ಲ ಅಂತ ನನಗ ಗೊತ್ತೈತಿ. ಖರೇ ಅಂಕಿ ಒತ್ತಬೇಕು ಅಂತ ಬೆರಳ ಎತ್ತಿದ್ನಿ, ನಮ್ಮಪ್ಪ ನೆಪ್ಪಾದ. ಸಣ್ಣಾಕಿ ಇದ್ದಾಗ ಒಮ್ಮೆ ಮರಿ ಎಣಿಸಿದ್ದಕ್ಕ ಕೈ ಮ್ಯಾಲ ಹೊಡದಿದ್ದ. ಬೆರಳ ಬರಲಿಲ್ರಿ. ಸುಳ್ಳು ಅಂಕಿಗೆ ಸರಾಗ ಹೋತು,” ಎಂದು ಶರಣಬಸಮ್ಮ ತಮ್ಮ ಬಲಗೈಯ ಬೆರಳನ್ನು ತಾವೇ ನೋಡಿಕೊಳ್ಳುತ್ತಾರೆ.

ಊರ ಹಟ್ಟಿಯ ಮರ್ಯಾದೆ ಹೀಗೆ ಹೆಡ್ ಆಫೀಸಿನ ಕಂಪ್ಯೂಟರಿನೊಳಗೆ ಹೋಗಿ ಕೂತಿತು. ಅದಕ್ಕೆ ಕಂಡದ್ದಿಷ್ಟು: ಇಪ್ಪತ್ತೊಂದು ಕುರಿಗೆ ಸಾಲ ಕೊಟ್ಟಿದೆ, ಉಳಿದಿರುವುದು ಆರು. ಪಕ್ಕದ ಹಟ್ಟಿಯಲ್ಲೂ ಹಾಗೇ, ಅದರಾಚೆಯದರಲ್ಲೂ ಹಾಗೇ. ಬೇವೂರು ಸೀಮೆಯ ಕುರುಬರೆಲ್ಲ ಬ್ಯಾಂಕಿನ ಕುರಿ ಮಾರಿಕೊಂಡು ಕೂತಿದ್ದಾರೆ ಎಂದು ಅದು ತೀರ್ಮಾನ ಮಾಡಿತು. ಕಂತುಗಳು ತಪ್ಪದೆ ಬರುತ್ತಿದ್ದದ್ದು ಅದರ ಲೆಕ್ಕಕ್ಕೆ ಬರಲಿಲ್ಲ. ಎಲ್ಲ ಕುರಿಸಾಲಗಳನ್ನೂ ಅನುಮಾನದ ಸಾಲವೆಂದು ಕೆಂಪು ಬಣ್ಣ ಬಳಿದು, ಅಷ್ಟಕ್ಕೂ ಲಾಭದಿಂದ ಹಣ ತೆಗೆದಿಡಿ ಎಂದಿತು. ತೆಗೆದಿಟ್ಟ ಮೇಲೆ ಲಾಭವೆಲ್ಲಿ ಉಳಿಯಬೇಕು? ಚೂರುಪಾರು ಲಾಭದಲ್ಲಿದ್ದ ಶಾಖೆ ಒಂದೇ ತ್ರೈಮಾಸಿಕದಲ್ಲಿ ನಷ್ಟಕ್ಕೆ ಇಳಿಯಿತು. ನಷ್ಟದ ಶಾಖೆಗಳನ್ನು ಮುಚ್ಚಿ ಕೊಪ್ಪಳದ ದೊಡ್ಡ ಶಾಖೆಯೊಳಗೆ ಸೇರಿಸುವ ಪಟ್ಟಿಯಲ್ಲಿ ಬೇವೂರೂ ಬಂತು.

ಶಿವಲೀಲಾ ಕರೆದು ವಿಷಯ ಹೇಳಿದಾಗ ಶರಣಬಸಮ್ಮ ಒಂದೇ ಮಾತು ಆಡಿದರು: “ನಾನ ಒತ್ತೀನ್ರಿ ಮೇಡಂ.” ಆಮೇಲೆ ಅತ್ತರು. ತಮ್ಮ ಕಮಿಷನ್ ಹೋಗುತ್ತದೆಂದು ಅತ್ತಿದ್ದಲ್ಲ ಎಂದು ಶಿವಲೀಲಾ ಹೇಳುತ್ತಾರೆ, ಹೋಗುತ್ತದೆಂದೂ ಅತ್ತಿದ್ದರೆ ಅದರಲ್ಲಿ ತಪ್ಪೇನಿಲ್ಲ ಎಂದು ನಮಗನ್ನಿಸುತ್ತದೆ. ಬ್ಯಾಂಕು ಕೊಪ್ಪಳಕ್ಕೆ ಹೋದರೆ ಕುರಿಗಾರ ಒಂದು ಕಂತು ಕಟ್ಟಲು ಇಡೀ ದಿನ ಹಿಂಡು ಬಿಟ್ಟು ಬಸ್ಸು ಹತ್ತಬೇಕು. ಹತ್ತುವುದಿಲ್ಲ. ಮರಿ ಹುಟ್ಟುವ ಮೊದಲೇ ಮುಂಗಡ ಕೊಟ್ಟು ಅರ್ಧ ಬೆಲೆಗೆ ಬರೆಸಿಕೊಳ್ಳುವ ದಲ್ಲಾಳಿ ಹಟ್ಟಿಯ ಬಾಗಿಲಿಗೇ ಬರುತ್ತಾನಲ್ಲ. ಇಷ್ಟೂ ಜನರ ಬದುಕು ತನ್ನ ಒಂದು ಬೆರಳಿನ ಸಂಕೋಚಕ್ಕೆ ದಿಕ್ಕು ತಪ್ಪಿತಲ್ಲ ಎಂಬ ಕೊರಗಿನಲ್ಲಿ ಶರಣಬಸಮ್ಮನಿಗೆ ಅನ್ನ ಸೇರದಾಯಿತು.

ಸರಿಪಡಿಸುವುದು ಸುಲಭವಿರಲಿಲ್ಲ. ಅಂಕಿ ತಿದ್ದಬೇಕಾದರೆ ಪುರಾವೆ ಬೇಕು. ಕಿವಿಯ ಬಿಲ್ಲೆಗಳಲ್ಲಿ ಅರ್ಧ ಮುಳ್ಳುಕಂಟಿಗೆ ಸಿಕ್ಕು ಉದುರಿದ್ದವು. ಫೋಟೋ ತೆಗೆಯೋಣವೆಂದು ಶಿವಲೀಲಾ ಬಿಸಿಲಲ್ಲಿ ಹೋಗಿ ನಿಂತರೆ, ಕುರಿಗಳೆಲ್ಲ ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತವು. ಫೋಟೋದಲ್ಲಿ ಬಂದದ್ದು ಒಂದು ಉಣ್ಣೆಯ ರಾಶಿ ಮತ್ತು ಒಂದು ನಾಯಿ. ಎಣಿಸಿ ಹೇಳಿರೆಂದು ಕೈಮುಗಿದು ಕೇಳಿದರೂ ಕುರಿಗಾರರು ಒಪ್ಪಲಿಲ್ಲ. “ಬ್ಯಾಂಕು ಹೋದ್ರ ಇನ್ನೊಂದು ಬರತೈತಿ. ಹಿಂಡು ಹೋದ್ರ ಬರತೈತೇನು?” ಎಂದಳು ಮಾರೆಮ್ಮ.

ಹೀಗೆ ಕೇಳಿ ಸೋತು ಮಾರೆಮ್ಮನ ಹಟ್ಟಿಯಲ್ಲೇ ಕೂತಿದ್ದ ಒಂದು ಸಂಜೆ ಹಿಂಡು ಗುಡ್ಡದಿಂದ ಇಳಿದು ಬಂತು. ಮಾರೆಮ್ಮ ಒಮ್ಮೆ ಕಣ್ಣಾಡಿಸಿ, “ಚಿಕ್ಕಿ ಎಲ್ಲಿ ಹೋದಳು?” ಎಂದು ಮಗನನ್ನು ಗದರಿದಳು. ಮಗ ಹಿಂದಕ್ಕೆ ಓಡಿ ಕಂಟಿಯಲ್ಲಿ ಸಿಕ್ಕಿಕೊಂಡಿದ್ದ ಚುಕ್ಕೆಯ ಕುರಿಯನ್ನು ಎತ್ತಿಕೊಂಡು ಬಂದ. ಶರಣಬಸಮ್ಮ ಹುಟ್ಟಿದಾಗಿನಿಂದ ನೋಡಿದ ದೃಶ್ಯವೇ ಇದು. ಕುರುಬರು ಹಿಂಡು ನೋಡುವುದೇ ಹೀಗೆ, ಯಾರು ಬಂದಿಲ್ಲ ಎಂದು. ಅವತ್ತು ಮಾತ್ರ ಅವರಿಗೆ ಬೇರೊಂದು ಯೋಚನೆ ಹೊಳೆಯಿತು. ಎಷ್ಟು ಎಂದು ಕೇಳಿದರೆ ತಾನೇ ಪಾಪ?

“ಯವ್ವಾ, ನಿನ್ನ ಹಟ್ಟ್ಯಾಗ ಯಾರ್ಯಾರ ಅದಾರ, ಹೇಳು,” ಎಂದು ಫೋನಿನಲ್ಲಿ ದನಿ ಹಿಡಿಯುವ ಗುಂಡಿ ಒತ್ತಿದರು.

ಮಾರೆಮ್ಮನ ಮುಖ ಅರಳಿತು. ಇಂಥ ಪ್ರಶ್ನೆಯನ್ನು ಅವಳ ಮಕ್ಕಳೂ ಕೇಳಿರಲಿಲ್ಲ. “ಕೆಂಚಿ ಅದಾಳ, ಕೆಂಚಿ ಮಕ್ಕಳು ಹಂಡಿ, ಜೋಲಗಿವಿ ಅದಾರ. ಸಂತ್ಯಾಗ ತಂದ ಸಂತಿ ಅದಾಳ, ಆಕಿ ಭಾಳ ಜಗಳಗಂಟಿ. ಗೌಡ್ತಿ ಅದಾಳ, ಯಾರ ಕೂಡಾನೂ ಮೇಯೂದಿಲ್ಲ. ಟಗರು ಸಾವಕಾರ ಅದಾನ, ತಿನ್ನೂದೊಂದ ಗೊತ್ತು…” ತಾಯಿ, ಮಗಳು, ಮೊಮ್ಮಗಳು ಎಂದು ಬಳ್ಳಿ ಹಬ್ಬಿದ ಹಾಗೆ ಹೆಸರುಗಳು ಹಬ್ಬಿದವು. ಕತ್ತಲಾಗುವ ತನಕ ಹೇಳಿದಳು, ಯಾವ ಸಂಖ್ಯೆಯೂ ಅವಳ ಬಾಯಿಂದ ಬರಲಿಲ್ಲ.

ಮರುದಿನ ಬ್ಯಾಂಕಿನಲ್ಲಿ ಶಿವಲೀಲಾ ಅದನ್ನು ಕಿವಿಗೆ ಹಚ್ಚಿಕೊಂಡು ಕೇಳಿದರು. ಕೇಳುತ್ತ ಕೇಳುತ್ತ ಒಂದೊಂದು ಹೆಸರಿಗೆ ಒಂದೊಂದು ಗೆರೆ ಎಳೆದರು. ಶರಣಬಸಮ್ಮ ಆ ಕಡೆ ನೋಡದೆ ಬಾಗಿಲಲ್ಲಿ ನಿಂತಿದ್ದರು. “ಎಣಿಸೂ ಪಾಪ ನನಗಿರಲಿ ಅಕ್ಕಾರ. ನೀವು ಹೆಸರು ತರ್ರಿ,” ಎಂದರು ಶಿವಲೀಲಾ. ಅವತ್ತಿನಿಂದ ಶರಣಬಸಮ್ಮ ಬೆಳಗಿನ ಜಾವ ಹಟ್ಟಿಗೆ, ಮಧ್ಯಾಹ್ನ ಬ್ಯಾಂಕಿಗೆ. ಕೆಲವು ಹಿಂಡುಗಳನ್ನು ಹುಡುಕಿಕೊಂಡು ಕುಷ್ಟಗಿ ಗಡಿಯ ತನಕ ಗಾಡಿ ಓಡಿಸಿದರು. ಮಾತು ಕಡಿಮೆ ಎಂದು ಹೆಸರಾದ ಗಂಡಸರೂ ತಮ್ಮ ಕುರಿಗಳ ಸುದ್ದಿ ಎತ್ತಿದರೆ ನಿಲ್ಲಿಸುತ್ತಿರಲಿಲ್ಲ. ಈ ಓಡಾಟಕ್ಕೆ ಕಮಿಷನ್ ಇರಲಿಲ್ಲ, ಪೆಟ್ರೋಲಿಗೆ ಹನಮಪ್ಪ ಟ್ರ್ಯಾಕ್ಟರಿನ ಕೂಲಿಯಿಂದ ಕೊಟ್ಟರು.

ಹೆಸರಿನ ಪುರಾವೆ ನೋಡಿ ಹೆಡ್ ಆಫೀಸು ನಕ್ಕಿರಬೇಕು. ಆದರೂ ಪರೀಕ್ಷೆಗೆಂದು ಪ್ರಾದೇಶಿಕ ಕಚೇರಿಯಿಂದ ತಾಹೇರ ಎಂಬ ಅಧಿಕಾರಿಯನ್ನು ಕಳಿಸಿತು. ಇವರು ಒಪ್ಪಿದರೆ ಬ್ಯಾಂಕು ಉಳಿದಂತೆ, ಇಲ್ಲದಿದ್ದರೆ ಪಟ್ಟಿ ಪಟ್ಟಿಯೇ. ಬೆಳಗಿನ ಚಳಿಯಲ್ಲಿ ಶಿವಲೀಲಾ, ಶರಣಬಸಮ್ಮನ ಜೊತೆ ಮಾರೆಮ್ಮನ ಹಟ್ಟಿಗೆ ಬಂದ ತಾಹೇರ ಬೂಟಿಗೆ ಹತ್ತಿದ ಹಿಕ್ಕೆ ಒರೆಸಿಕೊಳ್ಳುತ್ತ, “ಹೆಸರು ಯಾರ್ ಬೇಕಾದ್ರೂ ಕಟ್ಟಿ ಹೇಳಬಹುದಲ್ರಿ,” ಎಂದರು. ಅಷ್ಟಕ್ಕೇ ಬಿಡದೆ ಬೆರಳು ಚಾಚಿ ಒಂದು, ಎರಡು ಎಂದು ಎಣಿಸಲು ಶುರು ಮಾಡಿಯೂಬಿಟ್ಟರು. ಮಾರೆಮ್ಮ ಎದ್ದು ಬಂದು ಆ ಬೆರಳನ್ನು ಹಿಡಿದು ಮಡಚಿದಳು. “ಬೆರಳ ಮಾಡಬ್ಯಾಡೋ ನನ್ನಪ್ಪಾ. ನಿನ್ನ ಮಕ್ಕಳಿಗೆ ಯಾರರ ಹಿಂಗ ಬೆರಳ ಮಾಡಿದ್ರ ನಿನ್ನ ಹೊಟ್ಟ್ಯಾಗ ಏನಾಗತೈತಿ?” ತಾಹೇರ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದರು. ಪರೀಕ್ಷೆ ಮುಗಿಯುವ ತನಕ ಅದು ಅಲ್ಲೇ ಇತ್ತು.

ಆಮೇಲೆ ಅವರು ಬೇರೆ ಉಪಾಯ ಹೂಡಿದರು. ಶರಣಬಸಮ್ಮ ಹಿಡಿದು ತಂದಿದ್ದ ದನಿಯಿಂದ ತಮಗೆ ತೋಚಿದ ಹೆಸರು ಆರಿಸಿ ಕೇಳುವುದು, ಮಾರೆಮ್ಮ ಅದನ್ನು ಎಳೆತಂದು ನಿಲ್ಲಿಸುವುದು. ಜೋಲಗಿವಿ ಬಂದಳು. ಸಂತಿ ಬಂದವಳೇ ಸಾಹೇಬರ ಮೊಣಕಾಲಿಗೆ ಒಂದು ಹಾಯ್ದಳು. ಸಾವಕಾರನನ್ನು ಮಗ ಕೊಂಬು ಹಿಡಿದು ತಂದ. ತಾಹೇರ ಅವರ ಮುಖದ ಗಂಟು ಸಡಿಲುತ್ತ ಬಂತು. “ಕರಿಮೋತಿ,” ಎಂದರು.

ಮಾರೆಮ್ಮ ಕದಲಲಿಲ್ಲ. ಕರಿಮೋತಿಯನ್ನು ಅದರ ಹಿಂದಿನ ಮಳೆಗಾಲದಲ್ಲಿ ತೋಳ ಒಯ್ದಿತ್ತು. ಹೇಳಲು ಕೂತ ಸಂಭ್ರಮದಲ್ಲಿ ಮುದುಕಿ ಸತ್ತವರನ್ನೂ ಸೇರಿಸಿಕೊಂಡು ಹೇಳಿದ್ದಳು. ಎದುರಿಗೇ ಇನ್ನೊಂದು ಕರಿಮುಖದ ಕುರಿ ನಿಂತಿತ್ತು. ಅದರ ಕಡೆ ಕೈ ತೋರಿಸಿದ್ದರೆ ತಾಹೇರ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಒಂದು ಹೆಸರು ಸುಳ್ಳಾದರೆ ಉಳಿದ ಹೆಸರುಗಳನ್ನೆಲ್ಲ ಅವರು ತಳ್ಳಿಹಾಕುವುದೂ ಖಂಡಿತವಿತ್ತು. ಶಿವಲೀಲಾ ಕಣ್ಣು ಮುಚ್ಚಿಕೊಂಡಿದ್ದರಂತೆ.

“ಸಾಹೇಬ್ರ, ಕರಿಮೋತಿ ಇಲ್ರಿ. ತೋಳ ಒಯ್ದೈತಿ,” ಎಂದರು ಶರಣಬಸಮ್ಮ. “ಯವ್ವ ಪ್ರೀತಿಗೆ ಸತ್ತವರನ್ನೂ ಹೇಳ್ಯಾಳ. ನಾ ಕೇಳಿ ತೆಗೀಬೇಕಿತ್ತು, ತೆಗೀಲಿಲ್ಲ. ಒಮ್ಮೆ ಸುಳ್ಳು ಒತ್ತಿ ಇಷ್ಟೆಲ್ಲಾ ಆಗೈತಿ. ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ರಿ.”

 ಮತ್ತೆ ಯಾರ್ಯಾರು ಸತ್ತಿದ್ದಾರೆ ಎಂದು ತಾಹೇರ ಮಾರೆಮ್ಮನನ್ನೇ ಕೇಳಿದರು. ಅವಳು ಒಬ್ಬೊಬ್ಬರದೇ ಹೆಸರು ಹೇಳಿ, ಯಾವ ಬೇನೆ, ಯಾವ ಗುಡ್ಡ ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರನ್ನೆಲ್ಲ ಬಿಟ್ಟರೂ ಹಟ್ಟಿಯಲ್ಲಿ ಬ್ಯಾಂಕಿನ ಲೆಕ್ಕಕ್ಕಿಂತ ಹೆಚ್ಚೇ ಉಳಿದಿದ್ದವು. ಹೊರಡುವಾಗ ತಾಹೇರ ಶರಣಬಸಮ್ಮನಿಗೆ ಹೇಳಿದ ಮಾತನ್ನು ಶಿವಲೀಲಾ ಇವತ್ತಿಗೂ ಮರೆತಿಲ್ಲ: “ಸತ್ತದ್ದು ಸತ್ತೈತಿ ಅಂದ್ರಲ್ಲ ಅಮ್ಮಾ, ಅದಕ್ಕ ಇದ್ದದ್ದು ಐತಿ ಅಂತ ನಂಬತೀನಿ.” ಉಳಿದ ಹಟ್ಟಿಗಳಿಗೂ ಅವರು ಹೋದರು. ಅಲ್ಲೆಲ್ಲ ಶರಣಬಸಮ್ಮ ಮೊದಲು ಸತ್ತವರನ್ನು ಬೇರೆ ಮಾಡಿಸಿ, ಆಮೇಲೆ ಇದ್ದವರ ಹೆಸರು ಹೇಳಿಸಿದರು.

ಯುಗಾದಿಗೆ ಮೊದಲು ಹೆಡ್ ಆಫೀಸಿನ ಪತ್ರ ಬಂತು. ಕುರಿಸಾಲಗಳ ಮೇಲಿನ ಅನುಮಾನ ತೆಗೆಯಲಾಗಿದೆ, ತೆಗೆದಿಟ್ಟ ಹಣ ಲಾಭಕ್ಕೆ ಮರಳಿದೆ, ಸದ್ಯಕ್ಕೆ ಬೇವೂರು ಶಾಖೆಯನ್ನು ಪಟ್ಟಿಯಿಂದ ಕೈಬಿಡಲಾಗಿದೆ. ಫೋನಿನ ಹೆಂಗಸಿಗೂ ಹೊಸ ಪ್ರಶ್ನೆ ಕಲಿಸಲಾಗಿದೆ. ಈಗ ಅವಳು, “ನಿಮ್ಮ ಕುರಿಗಳ ಹೆಸರು ಹೇಳಿ,” ಎನ್ನುತ್ತಾಳೆ. ಇದೆಲ್ಲ ತಾಂತ್ರಿಕ ವಿಭಾಗದ ಶ್ಲಾಘನೀಯ ಸುಧಾರಣೆ ಎಂದು ಪತ್ರದಲ್ಲಿ ಬರೆದಿತ್ತು. ಶರಣಬಸಮ್ಮನ ಹೆಸರು ಎಲ್ಲೂ ಇರಲಿಲ್ಲ. ಶಿವಲೀಲಾ ಸಿಟ್ಟಾಗಿ ವಾಪಸು ಪತ್ರ ಬರೆಯಲು ಕೂತರೆ ಶರಣಬಸಮ್ಮನೇ ತಡೆದರು. “ಬಾಗಿಲಾ ತಗದೈತಲ್ರಿ, ಮುಗೀತು ಬಿಡ್ರಿ.”

ಸದ್ಯಕ್ಕೆ ಎಂಬ ಮಾತು ಮಾತ್ರ ಹಾಗೇ ಉಳಿದಿದೆ. ಬಡ್ಡಿ ದರದ ಏರಿಳಿತ, ಫೋನುಸಾಲದವರ ಪೈಪೋಟಿ ನಿಂತಿಲ್ಲ. ಬರುವ ಮಾರ್ಚಿನಲ್ಲಿ ಮತ್ತೆ ಲೆಕ್ಕ ನೋಡುತ್ತಾರೆ. ಅದಕ್ಕೇ ಈ ಚಳಿಯಲ್ಲೂ ಶರಣಬಸಮ್ಮ ಹಟ್ಟಿಗಳನ್ನು ತಿರುಗುತ್ತ ಹೊಸದಾಗಿ ಹುಟ್ಟಿದವರ, ತೀರಿಕೊಂಡವರ ಹೆಸರು ತರುತ್ತಿದ್ದಾರೆ.

ಮಾರೆಮ್ಮನ ಹಿಂಡು ತಂಗಿದ ಹೊಲದಲ್ಲಿ ಈಗ ಸರಿಯಾಗಿ ಬೆಳಕು ಹರಿದಿದೆ. ಕೈಮಷಿನ್ ಚೀಲಕ್ಕೆ ಸೇರಿದೆ, ಫೋನು ಹೊರಬಂದಿದೆ. “ಯಾರರ ಹೊಸಬರು ಬಂದಾರೇನಬೇ?” ಎಂದು ಶರಣಬಸಮ್ಮ ಕೇಳುತ್ತಾರೆ. ಮಾರೆಮ್ಮ ಉತ್ತರ ಕೊಡದೆ ಎದ್ದು ಹೋಗಿ, ಬುಟ್ಟಿಯ ಕೆಳಗಿಂದ ಒಂದು ಮರಿಯನ್ನು ತೆಗೆದು ತಂದು ಅವರ ಮಡಿಲಿಗೆ ಹಾಕುತ್ತಾಳೆ. ಹುಟ್ಟಿ ಒಂದೆರಡು ದಿನವಾಗಿರಬೇಕು, ಕಾಲುಗಳು ಇನ್ನೂ ನಡುಗುತ್ತಿವೆ.

“ಗೌಡ್ತಿ ಮಗಳು. ಶರಣಬಸಮ್ಮ ಅಂತ ಹೆಸರಿಟ್ಟೀನಿ. ನಿನ್ನ ಫೋನಿನಾಗ ಹಚ್ಚಿಕೋ,” ಎನ್ನುತ್ತಾಳೆ.

ಶರಣಬಸಮ್ಮ ಮರಿಯನ್ನು ನೋಡುತ್ತಾರೆ, ಮಾರೆಮ್ಮನನ್ನು ನೋಡುತ್ತಾರೆ. ಫೋನಿಗೆ ಬಾಯಿ ಹತ್ತಿರ ತಂದು, ಗೌಡ್ತಿಯ ಮಗಳು ಶರಣಬಸಮ್ಮ ಎಂದು ತಮ್ಮ ಹೆಸರನ್ನು ತಾವೇ ಹೇಳಿ ಗುಂಡಿ ಒತ್ತುತ್ತಾರೆ. ಆಮೇಲೆ ನಮ್ಮ ಕಡೆ ತಿರುಗುತ್ತಾರೆ.

“ಹೆಡ್ ಆಫೀಸಿನಾಗ ನನ್ನ ಹೆಸರು ಇಲ್ಲ ಅಂತ ಮೇಡಂ ಭಾಳ ಬ್ಯಾಸರ ಮಾಡ್ಕೊಂಡಿದ್ರು. ಹೋಗಿ ಹೇಳ್ತೀನ್ರಿ, ಈಗ ಐತಿ ಅಂತ.”